ಬೀಗರ ಗಾಡಿಯ ಹಿಂದಿನ ಸೀಟು

ಮೋಟಾರ್‌ಸೈಕಲ್ ಹೊಡೆಯುವವನಿಗೆ ಕೈ, ಕಾಲು, ಕಣ್ಣು ಎಲ್ಲಕ್ಕೂ ಕೆಲಸ ಇರುತ್ತದೆ. ಹಿಂದೆ ಕೂತವನಿಗೆ ಅಂಜುವುದೊಂದೇ ಕೆಲಸ. ಆ ಕೆಲಸಕ್ಕೆ ನಾನು ಸೇರಿದ್ದು ನಿವೃತ್ತಿಯಾದ ಮೇಲೆ. ಸೇರಿದ ದಿನವೇ ಒಂದರ ಹಿಂದೊಂದು ಏನಾದರೂ ನಡೆಯುತ್ತಲೇ ಹೋಯಿತು.

ನಾನು ಬೈಲಹೊಂಗಲದ ಗ್ರಂಥಾಲಯದಲ್ಲಿದ್ದವನು. ‘ಸದ್ದು ಮಾಡಬ್ಯಾಡ್ರಿ’ ಅನ್ನುತ್ತಲೇ ಸರ್ವಿಸ್ ಮುಗಿಸಿದೆ. ಮಗಳನ್ನು ಕಿತ್ತೂರಿಗೆ ಕೊಟ್ಟಿದ್ದೇವೆ. ಅವಳ ಮಾವ, ಅಂದರೆ ನಮ್ಮ ಬೀಗರು, ಲೈನ್‌ಮನ್ ಆಗಿ ಊರೂರಿನ ಕರೆಂಟಿನ ಕಂಬ ಹತ್ತಿ ಇಳಿದವರು. ಒಮ್ಮೆ ನಾವು ಗಂಡ ಹೆಂಡತಿ ಕಿತ್ತೂರಿಗೆ ಹೋದಾಗ ಬೀಗರು ಚಹಾ ಕುಡಿಯುತ್ತ, “ಬೀಗರ, ನನ್ನ ಗಾಡಿ ಮ್ಯಾಲ ಇಬ್ಬರೂ ಶ್ರೀಶೈಲಕ್ಕ ಹೋಗಿ ಬರೂಣೇನ್ರಿ?” ಎಂದರು. ಹೆಣ್ಣು ಕೊಟ್ಟವರು ಒಲ್ಲೆ ಅನ್ನುವುದು ಹೇಗೆ? “ಹೋಗೂಣಲ್ಲರೀ” ಎಂದಿತು ಬಾಯಿ.

ನನ್ನ ಹೆಂಡತಿಯನ್ನು ಬೀಗಿತಿಯ ಜೊತೆಗೆ ಕಿತ್ತೂರಿನಲ್ಲೇ ಬಿಟ್ಟು, ಮಾರನೆಯ ದಿನ ಬೆಳಿಗ್ಗೆ ಹೊರಟೆವು.

ಭುಜ ಒತ್ತಿದ್ದು

ಬೈಲಹೊಂಗಲದ ರಸ್ತೆ. ಕಬ್ಬಿನ ಸೀಜನ್. ಮುಂದೊಂದು ಟ್ರ್ಯಾಕ್ಟರ್, ಅದರ ಬಾಲಕ್ಕೆ ಎರಡು ಟ್ರೇಲರ್, ಅವುಗಳ ಮೇಲೆ ಮನೆ ಎತ್ತರದ ಕಬ್ಬು. ಎದುರಿನಿಂದ ಬಸ್ಸು ಬರುತ್ತಿತ್ತು. ಬೀಗರು ಪಕ್ಕಕ್ಕೆ ಇಣುಕಿ ನೋಡಿದರು. ನಿಲ್ಲಿಸಿರಿ ಅನ್ನಲು ನಾಚಿಕೆಯಾಗಿ, ಅವರ ಭುಜ ಗಟ್ಟಿಯಾಗಿ ಒತ್ತಿದೆ.

ಗಾಡಿ ಒಮ್ಮೆಲೇ ಜಿಗಿಯಿತು. ಒಂದು ಕಿವಿಗೆ ಕಬ್ಬಿನ ಗರಿ ಸವರಿತು, ಇನ್ನೊಂದು ಕಿವಿಯಲ್ಲಿ ಬಸ್ಸಿನ ಹಾರ್ನು. ಬಸ್ಸಿನ ಡ್ರೈವರನ ಬಾಯಿಯೊಳಗಿನ ಎಲೆಅಡಿಕೆ ಸಹ ನನಗೆ ಕಂಡಿತು. ಮುಂದೆ ಮತ್ತೊಂದು ಟ್ರ್ಯಾಕ್ಟರ್ ಸಿಕ್ಕಿತು. ಇನ್ನೂ ಗಟ್ಟಿಯಾಗಿ ಒತ್ತಿದೆ. ಗಾಡಿ ಇನ್ನೂ ಜೋರಾಗಿ ಹೋಯಿತು.

ಬೈಲಹೊಂಗಲದಲ್ಲಿ ಚಹಾಕ್ಕೆ ನಿಂತೆವು. ಬೀಗರು ಹೇಳಿದರು: “ಭಾಳ ಅವಸರದ ಮನಷಾ ಅದೀರಿ ಬಿಡ್ರಿ. ನೀವು ‘ಹೊಡೀರಿ’ ಅಂತ ಭುಜಾ ಒತ್ತಿದಾಗೊಮ್ಮೆ ನಾನೂ ಬಿಡಲಿಲ್ಲ ನೋಡ್ರಿ, ಹೊಡದೇ ಹೊಡದೆ!”

“ನಾ ಒತ್ತಿದ್ದು ನಿಲ್ಲಸ್ರಿ ಅಂತ್ರೀ!”

ಅಲ್ಲೇ ಒಪ್ಪಂದವಾಯಿತು. ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸುವುದು. ಆದರೆ ಮುಂದಿನ ರಸ್ತೆಯ ತುಂಬ ತಗ್ಗುಗಳು. ಗಾಡಿ ಕುಣಿದಾಗಲೆಲ್ಲ ನನ್ನ ಕೈ ತಾನೇ ಎರಡೆರಡು ಸಲ ತಟ್ಟುತ್ತಿತ್ತು, ಬೀಗರು ಪ್ರಾಮಾಣಿಕವಾಗಿ ನಿಲ್ಲಿಸುತ್ತಿದ್ದರು. ಎಮ್ಮೆ ಹೊಡೆದುಕೊಂಡು ಹೊರಟಿದ್ದವನೊಬ್ಬ ನಮ್ಮನ್ನು ದಾಟಿ ಮುಂದೆ ಹೋಗುತ್ತ ಕೇಳಿದ: “ಈಗರ ಕಲಿಯಾಕ ಹತ್ತೀರೇನ್ರಿ, ಅಜ್ಜಾರ?”

ಮನೋಳಿಯ ಕುಡುಗೋಲು

ಮನೋಳಿಯಲ್ಲಿ ಬೀಗರ ತಂಗಿಯ ಮನೆ. ಉಪ್ಪಿಟ್ಟು ತಿಂದು ಹೋಗೋಣವೆಂದು ಇಳಿದೆವು. ಬೀಗರು ಹೆಲ್ಮೆಟ್ ತೆಗೆದು ಗೂಟಕ್ಕೆ ಸಿಕ್ಕಿಸಿದರು. ನನ್ನದು ಬರಲಿಲ್ಲ. ಗದ್ದದ ಕೆಳಗಿನ ಪಟ್ಟಿಯ ಕೊಂಡಿ ಕಚ್ಚಿಕೊಂಡಿತ್ತು. ಬೀಗರು ಜಗ್ಗಿದರು, ಅವರ ತಂಗಿ ಜಗ್ಗಿದಳು, ಉಸಿರು ಕಟ್ಟಿ ನಾನು ಕೈಮುಗಿದೆ. ಕಡೆಗೆ ಮುಂದಿನ ಗಾಜು ಎತ್ತಿ, ಅದರೊಳಗಿಂದಲೇ ಒಂದೊಂದು ಚಮಚ ಉಪ್ಪಿಟ್ಟು ತಿನ್ನತೊಡಗಿದೆ.

ಮೂಲೆಯಲ್ಲಿ ಕೂತಿದ್ದ ಅಜ್ಜಿ, ಅಂದರೆ ಆ ತಂಗಿಯ ಅತ್ತೆ, “ಪಟ್ಟಿ ಕೊಯ್ದರ ಆತಲ್ಲ” ಎನ್ನುತ್ತ ಎದ್ದಳು. ಒಳಗೆ ಹೋಗಿ ಕುಡುಗೋಲು ಹಿಡಿದುಕೊಂಡು ಬಂದಳು. ಒಂದು ಕೈಯಿಂದ ಗೋಡೆ ತಡವುತ್ತ, ಇನ್ನೊಂದು ಕೈಯಲ್ಲಿ ಕುಡುಗೋಲು ಎತ್ತಿಕೊಂಡು ನೇರ ನನ್ನ ಕುತ್ತಿಗೆಗೇ ಬಂದಳು.

“ಅಜ್ಜೀ, ಅಜ್ಜೀ, ಹಂಗ ಇರಲಿ ಬಿಡ್ರಿ!” ಎಂದೆ.

“ಅಂಜಬ್ಯಾಡ ತಮ್ಮಾ,” ಎಂದಳು ಅಜ್ಜಿ. “ಕಣ್ಣು ಕಾಣೂದಿಲ್ಲ ಖರೆ, ಕೈ ಇನ್ನೂ ಗಟ್ಟಿ ಐತಿ.”

ನನಗೆ ಎಲ್ಲಿಂದ ಅಷ್ಟು ಶಕ್ತಿ ಬಂತೋ ಕಾಣೆ. ಎರಡೂ ಕೈ ಹಚ್ಚಿ ಜಗ್ಗಿದ ರಭಸಕ್ಕೆ ಹೆಲ್ಮೆಟ್ ಉಪ್ಪಿಟ್ಟಿನ ಸಮೇತ ಕಿತ್ತು ಬಂತು. ಅಜ್ಜಿ ಕುಡುಗೋಲು ಕೆಳಗಿಟ್ಟು, “ನೋಡ್ರಿ, ಕುಡುಗೋಲು ಮುಟ್ಟಸೂದ ಬೇಕಾಗ್ಲಿಲ್ಲ” ಎಂದಳು.

ಗುಡ್ಡದ ಇಳಿಜಾರು

ಸವದತ್ತಿಯಲ್ಲಿ ಎಲ್ಲಮ್ಮನ ದರ್ಶನ ಮುಗಿಸಿ ಗುಡ್ಡ ಇಳಿಯುವಾಗ ಬೀಗರು ಎಂಜಿನ್ ಬಂದ್ ಮಾಡಿದರು. “ಇಳಿಜಾರಿನ್ಯಾಗ ಸುಮ್ಮನ ಪೆಟ್ರೋಲ್ ಯಾಕ ಸುಡೂದ್ರಿ?”

ಗಾಡಿ ಸದ್ದಿಲ್ಲದೆ ಇಳಿಯಿತು. ಮೊದಮೊದಲು ತಂಪು ಗಾಳಿ, ಹಿತವೆನಿಸಿತು. ಆಮೇಲೆ ಗಾಳಿ ಜೋರಾಯಿತು. ಬೀಗರು ಮೆಲ್ಲಗೆ ಹೇಳಿದರು: “ಬೀಗರ, ಬ್ರೇಕು ಸ್ವಲ್ಪ ಮೆತ್ತಗಾಗೇತಿ. ಅಂಜಬ್ಯಾಡ್ರಿ.”

ಅಂಜಬ್ಯಾಡ್ರಿ ಎಂದ ಮೇಲೆ ಅಂಜದೆ ಇರುವುದು ಹೇಗೆ? ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ, “ಉಧೋ! ಉಧೋ! ಎಲ್ಲವ್ವಾ ಉಧೋ!” ಎಂದು ಒಂದೇ ಸಮನೆ ಚೀರಿದೆ. ರಸ್ತೆಯ ಎರಡೂ ಬದಿಗೆ ನಡೆದು ಬರುತ್ತಿದ್ದ ಭಕ್ತರೂ “ಉಧೋ!” ಎಂದು ದನಿಗೂಡಿಸಿದರು. ಗಾಡಿ ಸಮತಟ್ಟಿಗೆ ಬಂದು ತಾನಾಗಿಯೇ ನಿಂತಿತು. ನನ್ನ ಮೈ ಮಾತ್ರ ನಿಲ್ಲಲಿಲ್ಲ, ಗಡಗಡ ನಡುಗುತ್ತಲೇ ಇತ್ತು.

“ತಾಯಿ ಮೈಮ್ಯಾಲ ಬಂದಾಳ!” ಎಂದರು ಯಾರೋ. ಜನ ಸುತ್ತುವರಿದು ಹಣೆಗೆ, ಕೆನ್ನೆಗೆ ಭಂಡಾರದ ಅರಿಶಿನ ಬಳಿದರು. ಅಷ್ಟು ಜನರ ನಡುವೆ ಬೀಗರು ಎಲ್ಲಿ ಹೋದರೋ ಕಾಣಲಿಲ್ಲ. ಹೆಣ್ಣುಮಗಳೊಬ್ಬಳು ಕೈಮುಗಿದು ಕೇಳಿದಳು: “ತಾಯಿ, ನನ್ನ ಮಗನ ಲಗ್ನ ಎಂದ ಆಗತೈತಿ?”

ನಾನು ಹಲ್ಲು ಕಟಕಟಿಸುತ್ತ, “ಬೀ... ಬೀಗರು... ಎಲ್ಲಿ? ಬೀಗರು?” ಎಂದೆ.

ಅವಳು ಗಂಡನ ಕಡೆಗೆ ತಿರುಗಿ ಹಿಗ್ಗಿನಿಂದ ಹೇಳಿದಳು: “ಕೇಳಿದ್ರಿಲ್ಲೋ? ಹಾದ್ಯಾಗ ಬೀಗರನ್ನ ಹುಡುಕಾಕ ಹತ್ಯಾಳ ತಾಯಿ!”

ರಾಮದುರ್ಗದ ಖಾನಾವಳಿ

ಬ್ರೇಕು ರಿಪೇರಿ ಮಾಡಿಸಿಕೊಂಡು ಹೊರಟೆವು. ಸುರೇಬಾನದ ಹತ್ತಿರ ಲಾರಿಯೊಂದು ನಮ್ಮ ಮೈ ಸವರುವಂತೆ ಹಾದುಹೋಯಿತು. ಅದರ ಗಾಳಿಗೆ ಗಾಡಿ ಹೊಯ್ದಾಡಿ, ಪಕ್ಕದ ಹೊಲಕ್ಕೆ ಇಳಿದು, ಮೆತ್ತಗೆ ಒರಗಿತು. ಒಬ್ಬರಿಗೂ ಗಾಯವಾಗಲಿಲ್ಲ. ಇಬ್ಬರೂ ಮಣ್ಣಿನಲ್ಲಿ ಕೂತು ಮೈಕೈ ತಡವಿ ನೋಡಿಕೊಂಡೆವು. ಆಮೇಲೆ ಬೀಗರು, “ಹೊಲ ಛಲೋ ಐತಿ” ಎಂದರು. “ಹೌದ್ರಿ, ಎರಿ ಮಣ್ಣು” ಎಂದೆ. ಕಿತ್ತೂರಿನಲ್ಲಿದ್ದ ಮೊಮ್ಮಗಳ ಮುಖ ಕಣ್ಣ ಮುಂದೆ ಬಂದಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ರಾಮದುರ್ಗದ ಖಾನಾವಳಿಯಲ್ಲಿ ರೊಟ್ಟಿ ಅರ್ಧಕ್ಕೇ ಬಿಟ್ಟೆ. ಹಿತ್ತಲಿಗೆ ಹೋಗಿ ಹೆಂಡತಿಗೆ ಫೋನ್ ಹಚ್ಚಿದೆ. “ಈಗ ನನಗ ಫೋನ್ ಮಾಡಿ, ಹೊಟ್ಟಿ ಭಾಳ ನೋಯಾಕ ಹತ್ತೇತಿ ಅನ್ನು.”

“ಯಾರ ಹೊಟ್ಟಿ?”

“ನಿಂದ!”

“ನನಗೇನಾಗೇತಿ ಧಾಡಿ? ಈಗರ ಹೋಳಿಗಿ ತಿಂದೇನಿ.”

ಬೇಡಿಕೊಂಡು ಒಪ್ಪಿಸಿ ಬಂದು ಕೂತೆ. ಬೀಗರು ಕೈ ತೊಳೆಯಲು ಹೋದವರು ಬಹಳ ಹೊತ್ತು ಬಿಟ್ಟು ಬಂದರು. ಇಬ್ಬರೂ ಮಜ್ಜಿಗೆ ಕುಡಿಯುತ್ತ ಕೂತೆವು. ಆಗ ಬೀಗರ ಫೋನು ರಿಂಗಾಯಿತು. ಅವರು ಸ್ಪೀಕರ್ ಹಚ್ಚಿ, ಆ ಕಡೆಯಿಂದ ಮಾತು ಬರುವ ಮೊದಲೇ ಮುಖ ಸಣ್ಣದು ಮಾಡಿ, “ಏನು? ತಲಿ ತಿರಗತೈತೇನು? ಅಯ್ಯಯ್ಯ! ಈಗಿಂದೀಗ ಹೊಳ್ಳಿ ಬರ್ತೇವಿ!” ಎಂದರು.

“ನನ್ನ ತಲಿ ನೆಟ್ಟಗ ಐತಿ,” ಎಂದಿತು ಬೀಗಿತಿಯ ದನಿ. “ನೀವು ನನಗ ತಲಿ ತಿರುಗಸಂದ್ರಿ. ನಿಮ್ಮ ಬೀಗರು ಇವರಿಗೆ ಹೊಟ್ಟಿ ನೋಯಸಂದ್ರು. ನಾವಿಬ್ಬರೂ ಇಲ್ಲೇ ಒಂದ ಮಂಚದ ಮ್ಯಾಲ ಬಾಜೂಕ ಬಾಜೂಕ ಕುಂತೇವಿ. ಯಾರಿಗೂ ಏನೂ ಆಗಿಲ್ಲ. ನೀವು ಹ್ವಾದಾಗಿಂದ ಭಾಳ ಆರಾಮ ಅದೀವಿ.”

ಬೀಗರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

“ನೀವೂ ಅಂಜೀರೇನ್ರಿ?” ಎಂದೆ.

“ಜೀವನದಾಗ ಇಷ್ಟು ಯಾವ ಕಂಬದ ಮ್ಯಾಲೂ ಅಂಜಿಲ್ರೀ!” ಎಂದರು.

ಮಜ್ಜಿಗೆ ಮೂಗಿಗೆ ಹತ್ತುವಷ್ಟು ನಕ್ಕೆವು. ಖಾನಾವಳಿಯವನು ಗಾಬರಿಯಾಗಿ ನೀರು ತಂದಿಟ್ಟ. ಅವನೇ ಪರಿಚಯದ ಟೆಂಪೋ ಒಂದನ್ನು ಗೊತ್ತುಮಾಡಿಕೊಟ್ಟ. ಬೀಗರು ಇನ್ನೂ ಕಟ್ಟಾಗದಿದ್ದ ಫೋನಿಗೆ ಹೇಳಿದರು: “ಗಾಡಿ ಟೆಂಪೋದಾಗ ಹಾಕ್ಕೊಂಡು ಹೊಳ್ಳಿ ಬರಾಕ ಹತ್ತೇವಿ. ಸಂಜಿಕ ಮನ್ಯಾಗ ಇರ್ತೇವಿ.”

ಆ ಕಡೆಯಿಂದ ನನ್ನ ಹೆಂಡತಿಯ ದನಿ ಕೇಳಿತು:

“ಅಯ್ಯ ಅಕ್ಕಾ, ಈಗ ಖರೇನ ಹೊಟ್ಟಿ ನೋಯಾಕ ಹತ್ತಿತು ನೋಡ್ರಿ!”