ಸೊಸೆ ಕಟ್ಟಿದ ಕಾಡು

ಓದು ಬರದವರನ್ನು ಹುಡುಕಿಕೊಂಡು ಯಾರಾದರೂ ಬಂದರೆ ಅದಕ್ಕೆ ಎರಡೇ ಕಾರಣ ಎಂದು ನಾನು ತಿಳಿದಿದ್ದೆ. ಒಂದೋ ಎಲ್ಲಿಯೋ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಾಗಿರುತ್ತದೆ, ಇಲ್ಲವೇ ಓಟು ಹಾಕಿಸಿಕೊಳ್ಳಬೇಕಾಗಿರುತ್ತದೆ. ಹಾಗೆಂದು ನಾನು ಪೂರಾ ಹೆಬ್ಬೆಟ್ಟಿನವಳೇನಲ್ಲ. ಮೂರನೇ ಇಯತ್ತೆ ಪಾಸು. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬರೆಯುವಾಗ ಒತ್ತಕ್ಷರವನ್ನು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಹಾಕುತ್ತೇನೆ, ತಿದ್ದುವವರು ತಿದ್ದಿಕೊಳ್ಳಲಿ. ಪುಣೆಗೆ ಬಂದು ನಲವತ್ತು ವರ್ಷವಾದ ಮೇಲೆ ಮರಾಠಿ ಬೋರ್ಡುಗಳ ಗುರುತೂ ಹತ್ತಿದೆ. ಆದರೆ ಬಸ್ಸಿನ ಬೋರ್ಡು ನಾನು ಓದಿ ಮುಗಿಸುವುದರೊಳಗೆ ಬಸ್ಸು ಮುಂದಿನ ಸ್ಟಾಪಿನಲ್ಲಿರುತ್ತದೆ. ಅದಕ್ಕೇ ಓದುವ ಗೋಜಿಗೆ ಹೋಗದೆ ಕಂಡಕ್ಟರನನ್ನೇ ಕೇಳುತ್ತೇನೆ. ಅವನು ಬಯ್ಯುತ್ತಾನೆ, ಬಯ್ಯುತ್ತಲೇ ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಿಬಿಡುತ್ತಾನೆ. ನನಗೆ ಬೇಕಾದದ್ದು ಅಷ್ಟೇ.

ಇಂಥ ನನ್ನನ್ನು, ಓದು ಬರುವುದಿಲ್ಲ ಎಂಬ ಒಂದೇ ಯೋಗ್ಯತೆಯ ಮೇಲೆ, ನನ್ನ ಸೊಸೆ ತನ್ನ ಕೆಲಸದ ಜಾಗಕ್ಕೆ ಕರೆದಳು.

ಸೊಸೆಯ ಹೆಸರು ರೋಹಿಣಿ, ಮೈಸೂರಿನ ಕಡೆಯವಳು. ನಾವು ಬೆಳಗಾವಿ ಜಿಲ್ಲೆಯವರು. ನಮ್ಮ ಮನೆಗೆ ಬಂದು ಏಳು ವರ್ಷವಾದರೂ ಅವಳ ಬಾಯಿಗೆ ‘ಅದ’ ಬಂದಿಲ್ಲ, ನನ್ನ ಬಾಯಿಗೆ ‘ಇದೆ’ ಬಂದಿಲ್ಲ. ಜಗಳಕ್ಕೆ ಮಾತ್ರ ಅದರಿಂದ ಏನೂ ತೊಂದರೆಯಾಗಿಲ್ಲ. ಅವಳದು ಮ್ಯೂಸಿಯಂಗಳಿಗೆ ಆಟದ ಸಾಮಾನಿನಂಥವನ್ನು ಮಾಡಿಕೊಡುವ ಕೆಲಸ. ಆಟದ ಸಾಮಾನು ಅಂದರೆ ಅವಳಿಗೆ ಸಿಟ್ಟು ಬರುತ್ತದೆ. ಜನ ಕೈಯಿಂದ ಮುಟ್ಟಿ, ಎಳೆದು, ತಿರುಗಿಸಿ ವಿಜ್ಞಾನ ತಿಳಿದುಕೊಳ್ಳುವ ವಸ್ತು ಅನ್ನಬೇಕಂತೆ. “ಕೂಸಿನ ಗಿಲಿಗಿಲಿನೂ ಹಂಗ ಅಲ್ಲೇನು?” ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಚಹಾದಲ್ಲಿ ಸಕ್ಕರೆ ಕಡಿಮೆ ಬಿತ್ತು.

ಈ ಸಲ ಹೊಸದೊಂದು ಮ್ಯೂಸಿಯಮ್ಮಿನ ಒಂದು ಮೂಲೆ ಅವಳ ಪಾಲಿಗೆ ಬಂದಿತ್ತು. ಕಾಡು ಹೋದರೆ ಹವೆ ಹೇಗೆ ಕೆಡುತ್ತದೆ, ಬಿಸಿಲು ಹೇಗೆ ಏರುತ್ತದೆ ಎನ್ನುವುದನ್ನು ಅಲ್ಲಿ ತೋರಿಸಬೇಕು. ಮೇಲೆ ಯಾರೂ ಸಾಹೇಬರಿಲ್ಲದೆ ಅವಳೊಬ್ಬಳೇ ಹೊಣೆ ಹೊತ್ತ ಮೊದಲ ಕೆಲಸ ಅದು. ಶನಿವಾರ ಮ್ಯೂಸಿಯಮ್ಮಿನ ಕಮಿಟಿಯವರು ನೋಡಲು ಬರುವವರಿದ್ದರು. ಅವರಿಗೆ ಹಿಡಿಸದಿದ್ದರೆ ಆ ಮೂಲೆಗೆ ಒಂದು ದೊಡ್ಡ ಟೀವಿ ತಂದಿಟ್ಟು ಕಾಡಿನ ಪಿಕ್ಚರ್ ಹಚ್ಚಿಬಿಡುತ್ತಾರಂತೆ. ಎಂಟು ತಿಂಗಳ ದುಡಿತ ಮಣ್ಣುಪಾಲು. ಊಟಕ್ಕೆ ಕುಳಿತರೂ ಅವಳ ಕಣ್ಣಿಗೆ ಆ ಟೀವಿಯೇ ಕಾಣುತ್ತಿತ್ತು.

“ಅತ್ತೆ, ಸೋಮವಾರ ನೀವು ಬರ್ಲೇಬೇಕು. ಬೋರ್ಡ್ ಓದ್ದೇ ಅರ್ಥ ಆಗುತ್ತಾ ಅಂತ ಟೆಸ್ಟ್ ಮಾಡ್ಬೇಕು. ನಮ್ಮಲ್ಲಿ ಎಲ್ರೂ ಓದಿಬಿಡ್ತಾರೆ.”

“ಕೆಳಗಿನ ನಾಯಿ ಕರಕೊಂಡ ಹೋಗು. ಅದೂ ಓದಂಗಿಲ್ಲ.”

“ನಾಯಿ ಅಭಿಪ್ರಾಯ ಹೇಳಲ್ಲ ಅತ್ತೆ.”

“ಹೇಳತದ. ನಿನಗ ತಿಳಿಯಂಗಿಲ್ಲ, ಅಷ್ಟ.”

ಹಾಗಂದರೂ ಹೋದೆ. ನಿಜ ಹೇಳಬೇಕೆಂದರೆ, ಇವಳು ದಿನಾ ಬೆಳಿಗ್ಗೆ ಓಡಿ ಹೋಗಿ ಏನು ಮಾಡುತ್ತಾಳೆ ಎಂದು ನೋಡುವ ಚಪಲ ನನಗೆ ಏಳು ವರ್ಷದಿಂದಲೂ ಇತ್ತು. ಶಿವಾಜಿನಗರದ ಒಂದು ಓಣಿಯಲ್ಲಿ, ಮೂರನೇ ಮಜಲಿನಲ್ಲಿ ಉದ್ದನೆಯ ಕೋಣೆ. ತುಂಬ ಕಟ್ಟಿಗೆ ಹೊಟ್ಟಿನ ವಾಸನೆ, ಗೋಡೆ ತುಂಬ ವೈರು. ನಡುವೆ ಎರಡು ಮಂಚ ಕೂಡಿಸಿದಷ್ಟು ದೊಡ್ಡ ಮೇಜು. ಅದರ ಮೇಲೆ ಗೇಣುದ್ದದ ಕಟ್ಟಿಗೆಯ ಮರಗಳು, ಒಟ್ಟು ಅರವತ್ತು. ನಡುವೆ ಹಳ್ಳ ಹರಿದ ಹಾಗೆ ನೀಲಿ ದೀಪ. ಎಲ್ಲಿಂದಲೋ ತಣ್ಣನೆಯ ಗಾಳಿ, ಎಲ್ಲಿಂದಲೋ ಹಕ್ಕಿಯ ದನಿ. ಕಾಡಿನ ವಾಸನೆ ಎಂದು ಒಂದು ಬಾಟಲಿಯನ್ನೂ ತರಿಸಿದ್ದಳು. ಮೂಸಿ ನೋಡಿ, ಇದು ಆಸ್ಪತ್ರೆಯ ವರಾಂಡ ಒರೆಸುವ ಫಿನಾಯಿಲು ಎಂದೆ. ಬಾಟಲಿ ಅಲ್ಲಿಗೇ ಮುಚ್ಚಿತು.

“ಈಗ ನಾನೇನೂ ಹೇಳಲ್ಲ. ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ” ಎಂದು ರೋಹಿಣಿ ವಹಿ ಹಿಡಿದು ಪಕ್ಕಕ್ಕೆ ನಿಂತಳು.

ನಾನು ಒಂದು ಮರ ಹಿಡಿದೆತ್ತಿದೆ. ಬುಡದಲ್ಲಿ ಲೋಹಚುಂಬಕವಿತ್ತು. ‘ಟಪ್’ ಎಂದು ಕೈಗೆ ಬಂತು. ಆಹಾ, ಆ ಟಪ್! ಹದವಾಗಿ ನೆನೆದ ನೆಲದಿಂದ ಶೇಂಗಾದ ಗಿಡ ಬುಡಸಮೇತ ಬರುವಾಗ ಕೈಗೆ ಸಿಗುತ್ತದಲ್ಲ, ಅದೇ ಸುಖ. ಇನ್ನೊಂದು ಕಿತ್ತೆ. ಮತ್ತೊಂದು. ಹತ್ತಾಗುವಷ್ಟರಲ್ಲಿ ಒಂದು ಹಕ್ಕಿ ಸುಮ್ಮನಾಯಿತು. ಇಪ್ಪತ್ತಾದಾಗ ನೀಲಿ ದೀಪ ಮಂಕಾಯಿತು. ಮೇಲಿನಿಂದ ಒಂದು ಕೆಂಪು ದೀಪ ತಲೆ ಕಾಯಿಸಹತ್ತಿತು, ಗೋಡೆಯ ಮೇಲೆ ಬಿಸಿಲಿನ ಕಾವು ತೋರಿಸುವ ಮುಳ್ಳು ಏರುತ್ತಾ ಹೋಯಿತು. ನಾನು ನಿಲ್ಲಲಿಲ್ಲ. ಮೇಜು ಬೋಳಾದ ಮೇಲೆ ಸೆರಗಿನಿಂದ ಹಣೆ ಒರೆಸಿಕೊಂಡು ಅವಳ ಕಡೆ ನೋಡಿದೆ.

“ಏನನ್ನಿಸ್ತು ಅತ್ತೆ?”

“ಭಾಳ ಚಲೋ ಅನಿಸ್ತು.”

ಅವಳ ಪೆನ್ನು ನಿಂತಿತು. “ಹಕ್ಕಿಗಳೆಲ್ಲ ಸುಮ್ಮನಾದ್ವಲ್ಲ, ಬೇಜಾರಾಗ್ಲಿಲ್ವಾ?”

“ಅವು ಭಾಳ ವದರತಿದ್ದವು. ಈಗ ಆರಾಮ ಅದ.”

“ತಲೆ ಬಿಸಿ ಆಗ್ಲಿಲ್ವಾ?”

“ಆತು. ಮೊಣಕಾಲಿಗೂ ಅಂಥಾದ್ದೊಂದು ದೀಪ ಹಾಕಸು, ಪುಣ್ಯಾ ಬರತದ.”

ಕಿತ್ತ ಮರವನ್ನು ಮತ್ತೆ ಅಲ್ಲೇ ಇಟ್ಟರೆ ಎಲ್ಲ ಮೊದಲಿನ ಹಾಗೆ ತಂಪಾಗುತ್ತದೆ, ಹಕ್ಕಿ ಕೂಗುತ್ತದೆ. ಜನ ಅದನ್ನು ಕಂಡು ಮರ ನೆಡುವ ಮನಸ್ಸು ಮಾಡಬೇಕು. ಅವಳ ಲೆಕ್ಕ ಅದು. ನಾನು ಒಂದನ್ನೂ ಇಡಲಿಲ್ಲ. ನಾನು ಮುದುಕಿ, ನನಗೆ ತಿಳಿಯಲಿಲ್ಲ ಎನ್ನೋಣ. ಮರುದಿನ ನಮ್ಮ ಬಿಲ್ಡಿಂಗಿನ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋದಳು. ಅವರಂತೂ ಯಾರು ಮೊದಲು ಖಾಲಿ ಮಾಡುತ್ತಾರೆ ಎಂದು ಪಂದ್ಯ ಕಟ್ಟಿದರು. ಎರಡು ಜಡೆಯ ಒಬ್ಬ ಹುಡುಗಿ ಮಾತ್ರ ಮರಗಳನ್ನು ಜೋಡಿಸಿ ಇಟ್ಟಳು. ರೋಹಿಣಿಯ ಮುಖ ಅರಳಿತು. ಹುಡುಗಿ ಇಟ್ಟದ್ದು ಇನ್ನೊಮ್ಮೆ ಕೀಳುವುದಕ್ಕೆ.

ಅವತ್ತಿನಿಂದ ನನಗೆ ಇದೇ ವಿಚಾರ ತಲೆಯಲ್ಲಿ. ಕೀಳುವುದರಲ್ಲಿ ಏನಿದೆ ಅಂಥದ್ದು? ಕೌದಿಯ ಬಿಚ್ಚಿದ ದಾರ ಕಂಡರೆ ಎಳೆಯದೆ ಇರುವವರು ಯಾರು? ನನ್ನ ಗಂಡ ಇದ್ದಾಗ ಗೋಡೆಯ ಸುಣ್ಣ ಒಂದು ಕಡೆ ಎದ್ದಿತು ಎಂದು ಉಗುರಿನಿಂದ ಎಬ್ಬಿಸಹತ್ತಿ, ಸಂಜೆಯೊಳಗೆ ತಲೆಬಾಗಿಲಿನಿಂದ ಅಡಿಗೆಮನೆಯವರೆಗೆ ಎಬ್ಬಿಸಿದ್ದರು. ಯಾಕೆ ಎಂದು ಕೇಳಿದರೆ “ಬರತಿತ್ತು, ತಗದೆ” ಎಂದರು. ಇಡೀ ಲೋಕದ ಕಾಡೂ ಹೀಗೇ ಹೋಗಿರಬೇಕು. ಬರುತ್ತಿತ್ತು, ತೆಗೆದರು.

ರೋಹಿಣಿಗೆ ನನ್ನ ಮೇಲೆ ಒಂದು ಆಸೆ ಇತ್ತು. ನಾನು ಖಾನಾಪುರದ ಕಡೆ ಕಾಡಿನಂಚಿನ ಊರಿನಲ್ಲಿ ಬಾಳಿದವಳು, ದಿನಾ ಕಟ್ಟಿಗೆಗೆ ಕಾಡಿಗೆ ಹೋದವಳು. ಹಿಂದಿನವರು ಕಾಡನ್ನು ಕಾಪಾಡಿದರು ಎನ್ನುತ್ತಾರಲ್ಲ, ನನ್ನಿಂದ ಅಂಥದ್ದೊಂದು ಮಾತು ಸಿಕ್ಕರೆ ಗೋಡೆಯ ಮೇಲೆ ಬರೆಸಬಹುದು ಎಂದು.

“ಅತ್ತೆ, ಎಷ್ಟು ಬೇಕೋ ಅಷ್ಟೇ ತಗೋಬೇಕು ಅಂತ ನಿಮ್ಮೂರಲ್ಲಿ ಏನಾದ್ರೂ ನಿಯಮ ಇತ್ತಾ?”

“ಇತ್ತು.”

“ಏನದು?”

“ಕುತ್ತಿಗಿ. ಅದು ಎಷ್ಟ ಹೊರತಿತ್ತೋ ಅಷ್ಟ ತರತಿದ್ವಿ. ಟೆಂಪೋ ಇದ್ದಿದ್ರ ಇಡೀ ಕಾಡು ತಂದು ಹಿತ್ತಲದಾಗ ಒಟ್ಟತಿದ್ವಿ.”

ಅದನ್ನು ಅವಳು ಬರೆದುಕೊಳ್ಳಲಿಲ್ಲ. ಖರೇ ಮಾತನ್ನು ಯಾರೂ ಗೋಡೆಗೆ ಹಚ್ಚುವುದಿಲ್ಲ.

ಬುಧವಾರ ಮತ್ತೆ ಹೋದಾಗ ನಾನು ಒಂದು ಮೂಲೆಯಲ್ಲಿ ಕುಳಿತು ನೋಡಿದೆ. ಒಬ್ಬರು ಬಂದು ಕಿತ್ತು ಹೋಗುವುದು, ಅಲ್ಲಿನ ಬಡಿಗ ಶಂಕರರಾವ್ ಬಂದು ಅರವತ್ತೂ ಮರಗಳನ್ನು ಮೊದಲಿನಂತೆ ಜೋಡಿಸುವುದು. ಇನ್ನೊಬ್ಬರು ಕೀಳುವುದು, ಶಂಕರರಾವ್ ಜೋಡಿಸುವುದು. ಆ ಮನುಷ್ಯನ ಸೊಂಟ ಬಿದ್ದುಹೋಗಿತ್ತು.

“ರೋಹಿಣಿ, ಇಂವಾ ಯಾಕ ತಿರಗಿ ಇಡತಾನ?”

“ಮುಂದಿನವರಿಗೆ ಕಾಡು ಇರ್ಬೇಕಲ್ಲ ಅತ್ತೆ.”

“ಖರೇ ಕಾಡಿನಾಗೂ ಶಂಕರರಾವ್ ಇರತಾನೇನು?”

ಅವಳು ವಹಿ ಮುಚ್ಚಿದಳು. ರಾತ್ರಿ ಊಟಕ್ಕೆ ಕುಳಿತಾಗ ಅದೇ ಮಾತು ಎತ್ತಿ ಜಗಳಕ್ಕೆ ಬಂದಳು. ಜನರಿಗೆ ಆಶಾಭಾವನೆ ಕೊಡಬೇಕು, ಹೆದರಿಸಿ ಕಳಿಸಬಾರದು ಎಂದಳು. ಕಿತ್ತ ಗಿಡ ಮರುಗಳಿಗೆ ಚುಚ್ಚಿದರೆ ಚಿಗುರುತ್ತದೆ ಎಂದು ಹೇಳುವುದು ಆಶಾ ಅಲ್ಲ, ಸುಳ್ಳು ಎಂದೆ ನಾನು.

“ಹಾಗಾದ್ರೆ ಹಿಂದೆ ಲೈನಲ್ಲಿ ನಿಂತಿರೋ ಮಗುಗೆ ಏನು ಉಳಿಯುತ್ತೆ?”

“ಅದನ್ನ ನನಗ್ಯಾಕ ಕೇಳತಿ? ಆ ಕೂಸು ಮುಂದ ನಿಂತಾವನ್ನ ಕೇಳಲಿ.”

ಕೈಯಲ್ಲಿನ ರೊಟ್ಟಿ ತಟ್ಟೆಗೆ ಹಾಕಿ ಅವಳು ಎದ್ದೇಬಿಟ್ಟಳು. ಸಿಟ್ಟಿನಿಂದ ಎದ್ದಳು ಅಂದುಕೊಂಡೆ. ಶಂಕರರಾವ್‌ಗೆ ಫೋನು ಮಾಡಲು ಎದ್ದದ್ದು.

ಎರಡು ದಿನದಲ್ಲಿ ಮೇಜು ಬದಲಾಯಿತು. ಚಾಕಣದ ಒಂದು ವರ್ಕ್‌ಶಾಪಿನಿಂದ ತಗಡಿನ ಡಬ್ಬಿ ಮಾಡಿಸಿ ಮೇಜಿಗೆ ಜೋಡಿಸಿದರು. ಅಂಚೆ ಡಬ್ಬಿಗೆ ಇರುವಂಥ ಬಾಯಿ ಅದಕ್ಕೆ. ಕಿತ್ತ ಮರವನ್ನು ಅದರಲ್ಲಿ ಹಾಕಬೇಕು. ಒಳಗೆ ಬಿದ್ದದ್ದು ಬಿತ್ತು, ಕೀಲಿ ತೆಗೆಯುವುದು ಮರುದಿನ ಬೆಳಿಗ್ಗೆಯೇ. ಅಲ್ಲಿಯವರೆಗೆ ಬಂದವರಿಗೆ ಉಳಿದಷ್ಟೇ ಕಾಡು.

ಶನಿವಾರ ಬಂತು. ಗದ್ದಲವಿದ್ದರೆ ನೋಡಲು ಚೆಂದ ಎಂದು ಬಿಲ್ಡಿಂಗಿನ ಮಕ್ಕಳನ್ನು ಒಂಬತ್ತಕ್ಕೇ ಕರೆಸಿದ್ದಳು. ಕಮಿಟಿಯವರು ಹತ್ತಕ್ಕೆ ಬರಬೇಕಾಗಿತ್ತು. ಅವರ ಕಾರು ಎಲ್ಲಿಯೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಮಕ್ಕಳಿಗೆ ಟ್ರಾಫಿಕ್ಕಿಲ್ಲ. ಮುಂದೆ ನಿಂತವರು ಕೈತುಂಬ ಕಿತ್ತರು. ಹಿಂದಿನವರು “ನಮಗೆ ಬಿಡ್ರೋ!” ಎಂದು ಕೂಗಿದರು. ಕೂಗಿದವರು ಮುಂದೆ ಬಂದ ಮೇಲೆ ಅವರೂ ಕೈತುಂಬ ಕಿತ್ತರು. ಆಮೇಲೆ ನಾನು ಎಣಿಸಿರದ ಒಂದು ಸಂಗತಿ ನಡೆಯಿತು. ಹತ್ತು ಉಳಿದಾಗ ಗದ್ದಲ ತಾನಾಗಿ ತಗ್ಗಿತು. ಎರಡು ಜಡೆಯ ಹುಡುಗಿ ಎರಡೂ ಕೈ ಚಾಚಿ ಮೇಜಿಗೆ ಅಡ್ಡ ನಿಂತು, ಒಬ್ಬರಿಗೆ ಒಂದೇ ಎಂದು ಕಾಯ್ದೆ ಮಾಡಿದಳು. ಕಾಯ್ದೆಯೇನೋ ನಡೆಯಿತು. ಆದರೆ ಕಾಯ್ದೆ ಬರುವ ಹೊತ್ತಿಗೆ ಕಾಡು ಎಲ್ಲಿತ್ತು? ಹನ್ನೊಂದು ಗಂಟೆಗೆ ಉಳಿದದ್ದು ಒಂದೇ ಮರ, ಒಂದೇ ಹಕ್ಕಿ.

ರೋಹಿಣಿಯ ಮುಖದಲ್ಲಿ ರಕ್ತವಿರಲಿಲ್ಲ. ಮಕ್ಕಳನ್ನು ವಡಾಪಾವ್ ಕೊಡಿಸಲು ಶಂಕರರಾವ್ ಜೊತೆ ಅಟ್ಟಿದಳು. ಅಷ್ಟರಲ್ಲಿ ಕೆಳಗೆ ಕಾರು ಬಂತು.

“ಅತ್ತೆ, ಇದೊಂದನ್ನ ನೋಡ್ಕೊಳ್ಳಿ. ಯಾರೂ ಮುಟ್ಟಬಾರ್ದು. ನಾನು ಅವರನ್ನ ಕರ್ಕೊಂಡ್ ಬಂದೆ” ಎಂದು ಮೆಟ್ಟಿಲು ಇಳಿದಳು.

ನಾನು ಸ್ಟೂಲಿನ ಮೇಲೆ ಕುಳಿತೆ. ಕೋಣೆಯಲ್ಲಿ ನಾನು, ಆ ಮರ, ಆ ಹಕ್ಕಿ. ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಇದೂ ಹೋದರೆ ಏನಾದೀತು? ದೀಪ ಇನ್ನೂ ಕೆಂಪಗಾದೀತೇ? ಮುಳ್ಳು ಎಲ್ಲಿಯವರೆಗೆ ಹೋದೀತು? ನೋಡುವವರು ಯಾರೂ ಇಲ್ಲ. ಟಪ್.

ಏನೂ ಆಗಲಿಲ್ಲ. ಮುಳ್ಳು ಒಂದು ಕೂದಲೆಳೆಯಷ್ಟು ಸರಿದು ನಿಂತಿತು. ಹಕ್ಕಿ ಸುಮ್ಮನಾಯಿತು. ಐದು ದಿನದ ಹಿಂದೆ ಹಕ್ಕಿ ಸುಮ್ಮನಾದಾಗ ಆರಾಮೆನಿಸಿದ್ದು ಈಗ ಅನಿಸಲಿಲ್ಲ. ಕೈ ತಾನಾಗಿ ಮರವನ್ನು ಡಬ್ಬಿಗೆ ಹಾಕಿಬಿಟ್ಟಿತ್ತು, ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿಸಿತು.

ಬಂದವರು ಮೂವರು. ಮುಖ್ಯಸ್ಥರು ಬಿಳಿ ಮೀಸೆಯ ಹಿರಿಯರು. ಬೋಳು ಮೇಜನ್ನು ನೋಡಿ, ಕೆಂಪು ದೀಪ ನೋಡಿ, ಬೆವರು ಒರೆಸಿಕೊಂಡು “ಹೇ ಕೋಣೀ ಕೇಲಂ?” ಎಂದು ಗುಡುಗಿದರು. ಇದನ್ನು ಮಾಡಿದ್ದು ಯಾರು? ಹಿಂದೆಯೇ ಹತ್ತಿ ಬಂದಿದ್ದ ಮಕ್ಕಳು, ತಮ್ಮ ಬಾಯಿಯಲ್ಲಿ ಇನ್ನೂ ವಡಾ ಇರುವಾಗಲೇ, ನನ್ನ ಕಡೆ ಬೆರಳು ಮಾಡಿ “ಆಜೀನೇ! ಆಜೀನೇ!”, ಅಜ್ಜಿಯೇ ಮಾಡಿದ್ದು ಎಂದು ಕೂಗಿದವು. ಐವತ್ತೊಂಬತ್ತು ಕಿತ್ತವರು ಅವರು. ಹೆಸರು ನನಗೆ.

ಮುಂದಿನ ಮಾತು ಮರಾಠಿಯಲ್ಲಿ ಆದದ್ದು, ಕನ್ನಡದಲ್ಲಿ ಹೇಳುತ್ತೇನೆ.

“ಆಜಿ, ಕೊನೆಯದೊಂದನ್ನಾದರೂ ಬಿಡಬಾರದಿತ್ತೇ?” ಎಂದರು ಅವರು.

“ಒಂದೇ ಉಳಿದಿತ್ತು. ಒಂದರಿಂದ ಏನಾಗುವುದಿತ್ತು?”

“ಬಿಟ್ಟಿದ್ದರೆ ನಾನು ನೋಡುತ್ತಿದ್ದೆ.”

“ನೋಡುತ್ತಿದ್ದಿರೋ, ಕೀಳುತ್ತಿದ್ದಿರೋ?”

ಅವರು ಮರವಿದ್ದ ಜಾಗದಲ್ಲಿ ಬೆರಳಿಟ್ಟು ತಡವಿ ನೋಡಿದರು. ಆಮೇಲೆ ರೋಹಿಣಿಯ ಕಡೆ ತಿರುಗಿ “ಕೀಲಿ ಇದೆಯಲ್ಲ, ತೆಗೆದು ಹಾಕಿಸಿ. ನಮಗೆ ಹೊತ್ತಿಲ್ಲ” ಎಂದರು. ಕೀಲಿ ಅವಳ ಪರ್ಸಿನಲ್ಲೇ ಇತ್ತು. ಅವಳ ಕೈ ಪರ್ಸಿಗೆ ಹೋದದ್ದನ್ನು ನಾನು ಕಂಡೆ. ಟೀವಿ ನನಗೂ ಕಂಡಿತು. ಕೈ ಹಾಗೇ ವಾಪಸು ಬಂತು.

“ನಾಳೆ ಬೆಳಿಗ್ಗೆ, ಸರ್” ಎಂದಳು.

ಹತ್ತು ನಿಮಿಷಕ್ಕೆಂದು ಬಂದವರು ಆ ಕಾದ ದೀಪದ ಕೆಳಗೆ ಅರ್ಧ ತಾಸು ನಿಂತು ಜಗಳವಾಡಿದರು. ತಪ್ಪು ಮಕ್ಕಳದೋ, ಮುದುಕಿಯದೋ, ಹೊತ್ತಾಗಿ ಬಂದ ತಮ್ಮದೋ ಎಂದು. ಕೊನೆಗೆ ಬಿಳಿ ಮೀಸೆಯವರು ಹೊರಡುವಾಗ “ಇಲ್ಲಿ ಟೀವಿ ಬೇಡ” ಎಂದಷ್ಟೇ ಹೇಳಿದರು. ಮರುದಿನ ಭಾನುವಾರ ಬೆಳಿಗ್ಗೆ ಒಬ್ಬರೇ ಬಂದು ಎರಡು ಮರ ಕಿತ್ತು ಹೋದರಂತೆ. ಶಂಕರರಾವ್ ಹೇಳಿದ.

ಈಗ ಬಿಲ್ಡಿಂಗಿನಲ್ಲೆಲ್ಲ ನನ್ನದೇ ಸುದ್ದಿ. “ನಮ್ಮತ್ತೆ ಬೇಕಂತ್ಲೇ ಕಿತ್ರು, ಅವರಿಗೆ ಪಾಠ ಆಗ್ಲಿ ಅಂತ. ಅಲ್ವಾ ಅತ್ತೆ?” ಎಂದು ರೋಹಿಣಿ ನಾಲ್ಕು ಜನರ ಮುಂದೆ ಕೇಳಿದಳು. ಏಳು ವರ್ಷದಲ್ಲಿ ಅವಳು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು. “ಮತ್ತೇನು!” ಎಂದೆ. ಇನ್ನೇನು ಹೇಳಬೇಕಿತ್ತು?

ಮ್ಯೂಸಿಯಮ್ಮಿನವರು ಅಷ್ಟಕ್ಕೇ ಬಿಡಲಿಲ್ಲ. ಇಂಥ ತಿಳಿವಳಿಕೆಯ ಹಿರಿಯರು ಬೇಕು ಎಂದು, ಪ್ರತಿ ಭಾನುವಾರ ಆ ಮೇಜಿನ ಪಕ್ಕ ಕುರ್ಚಿ ಹಾಕಿ ನನ್ನನ್ನು ಕಾಡಿನ ಕಾವಲಿಗೆ ಕೂರಿಸುತ್ತಾರಂತೆ. ಎದೆಗೆ ಬಿಲ್ಲೆ ಬೇರೆ. ನಾನು ಒಪ್ಪಿಕೊಂಡಿದ್ದೇನೆ. ಜೊತೆಗೆ ಇನ್ನೊಬ್ಬರನ್ನು ಕೂರಿಸಿ ಎಂದು ಹೇಳುವುದು ಒಳ್ಳೆಯದು. ಆದರೆ ಹೇಳಿದರೆ ಯಾಕೆ ಎಂದು ಕೇಳುತ್ತಾರೆ.