ದೆವ್ವಗಳಿಗೆ ಓದುಗರನ್ನು ಹುಡುಕಿದ್ದು

ಪುಸ್ತಕ ಕೊಡುವ ಕೆಲಸದವನಿಗೆ ಪುಸ್ತಕಕ್ಕಿಂತ ಓದುಗರೇ ಹೆಚ್ಚು ಕಥೆ ಕೊಡುತ್ತಾರೆ. ಅದು ನಿಲ್ಲುವ ಲಕ್ಷಣವೂ ಇಲ್ಲ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯಿಂದ ನಿವೃತ್ತರಾದ ಕೆಲವರು ಸೇರಿ ನಡೆಸುತ್ತಿದ್ದ ಸಣ್ಣ ವಾಚನಾಲಯವನ್ನು ನಾನು ನೋಡಿಕೊಳ್ಳುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಕಾಳಿ ನದಿಯಲ್ಲಿ ದೋಣಿ ಸವಾರಿಗೆ ಬಂದಿದ್ದ ಪ್ರವಾಸಿಯೊಬ್ಬ, ಚೀಲ ಭಾರವಾಯಿತೆಂದು, ಇಂಗ್ಲಿಷಿಗೆ ಅನುವಾದವಾದ ಜಪಾನಿ ಚಿತ್ರಕಥೆಯೊಂದರ ಆರು ಸಂಪುಟಗಳನ್ನು ನಮಗೆ ಕೊಟ್ಟುಹೋದ. ಮಾಂಗಾ ಅನ್ನುತ್ತಾರೆ. ರಾಜರ ಕಾಲದ ಒಂದು ರಾಜ್ಯ, ಊರೂರಿಗೆ ಪ್ಲೇಗು, ಕೋಟೆ ಹಿಡಿದು ಕೂತ ದೆವ್ವಗಳು. ಅವುಗಳ ಮೇಲೆ ಯುದ್ಧಕ್ಕೆ ಹೊರಟವನು ಕವಚ ತೊಟ್ಟು ಗುದ್ದಲಿ ಹಿಡಿದ ಒಬ್ಬ ಗೋರಿ ತೋಡುವವನು. ನಾನು ಊಟ ಮರೆತು ಓದಿದೆ.

ವಾಚನಾಲಯದ ಅಧ್ಯಕ್ಷರು ನಿವೃತ್ತ ಫೋರ್‌ಮನ್. ನನ್ನ ಮೇಜಿನ ಮೇಲೆ ತೆರೆದಿದ್ದ ಪುಟವನ್ನು ದೂರದಿಂದಲೇ ನೋಡಿದರು. ಕಡಿದ ತಲೆಗಳ ಪುಟ.

“ಏನ್ರೀ ಇದು! ಮುಂದಿನ ಮೀಟಿಂಗಿನೊಳಗ ಮೂರು ಮಂದಿ ಓದಿ ಚಲೋ ಐತಿ ಅಂದ್ರ ಇರ್ಲಿ. ಇಲ್ಲಂದ್ರ ಕಾರ್ಖಾನಿಗೆ ಕಳಿಸಿ ಅರಿಸಿಬಿಡೂಣು.”

ನಮ್ಮಲ್ಲಿ ಬೇಡವಾದ ಪುಸ್ತಕದ ಗತಿ ಅದೇ; ನೀರಿನಲ್ಲಿ ಅರೆದು ಮತ್ತೆ ಕಾಗದ. ಯಾರಿಗೂ ಏನನ್ನೂ ಓದಿ ಎಂದು ಹೇಳುವ ಅಭ್ಯಾಸವಿಲ್ಲದ ನಾನು ಬಾಯಿ ಬಿಡಲೇಬೇಕಾಯಿತು.

೧. ಸಾತ್ವಿಕ ಪುಸ್ತಕ

ಮೊದಲು ಸಿಕ್ಕವರು ನಿವೃತ್ತ ಗುಮಾಸ್ತರೊಬ್ಬರು. ಈ ಪುಸ್ತಕವನ್ನು ಬಲದಿಂದ ಎಡಕ್ಕೆ, ನಾವು ಕೊನೆ ಅನ್ನುವ ಕಡೆಯಿಂದ ಓದಬೇಕು. ಅದನ್ನು ಹೇಳುವಷ್ಟರಲ್ಲಿ ಅವರು ಮೊದಲ ಸಂಪುಟವನ್ನು ಬಗಲಿಗಿಟ್ಟು, ಛತ್ರಿ ಬಿಚ್ಚಿ ನಡೆದೇಬಿಟ್ಟಿದ್ದರು. ಮೂರನೇ ದಿನ ಮುಖ ಅರಳಿಸಿಕೊಂಡು ಬಂದರು.

“ಭಾಳ ಸಾತ್ವಿಕ ಪುಸ್ತಕ ರೀ. ಮೊದಲಿಗೆ ಊರೆಲ್ಲಾ ಸತ್ತು ಬಿದ್ದಿರತೈತಿ. ಆಮ್ಯಾಲ ತುಂಡಾದ ಕೈಕಾಲು ತಾವ ಬಂದು ಕೂಡತಾವು. ಸತ್ತವರು ಎದ್ದು ನಿಂದರತಾರ. ದೆವ್ವ ಹಿಂದಹಿಂದಕ್ಕ ಸರದು ಗವಿಯೊಳಗ ಹೋಗತೈತಿ. ಕಡೀಕ ಎಲ್ಲಾರೂ ಕೂತು ಊಟಾ ಮಾಡ್ತಾರ!”

“ಮಾತು ತಿಳದವೇನ್ರಿ?” ಎಂದೆ.

“ತಿಳೀಲಾರದೇನು? ಉತ್ತರ ಮೊದಲ ಬರತಾವು, ಪ್ರಶ್ನಿ ಆಮ್ಯಾಲ. ಮೂವತ್ತು ವರ್ಷ ಆಫೀಸಿನ್ಯಾಗ ನಾ ನೋಡಿದ್ದೂ ಅದನ್ನ!”

೨. ಟೇಲರ್ ತಪ್ಪು

ಹಳಿಯಾಳ ರಸ್ತೆಯ ದರ್ಜಿ ಚಾಚಾ ಉರ್ದು ಓದುವವರು. ಈ ಸಲ ಮೊದಲೇ ಎಚ್ಚರಿಸೋಣ ಎಂದು ಶುರು ಮಾಡಿದೆ:

“ಚಾಚಾ, ಇದು ಸ್ವಲ್ಪ ಉಲ್ಟಾ ಐತಿ. ಬಲಗಡಿಂದ...”

ಅವರು ಆಗಲೇ ಬಲಗಡೆಯಿಂದ ತೆರೆದು ನಾಲ್ಕನೇ ಪುಟದಲ್ಲಿದ್ದರು.

“ಉಲ್ಟಾ ಎಲ್ಲೈತ್ರಿ? ಇದೊಂದ ಸೀದಾ ಐತಿ. ನಿಮ್ಮ ಕಪಾಟಿನ್ಯಾಗ ಉಳದದ್ದೆಲ್ಲಾ ಉಲ್ಟಾ.”

ಕಾಲೇಜು ಓದುವ ಮಗಳಿಂದ ಇಂಗ್ಲಿಷ್ ಓದಿಸಿಕೊಂಡು ಎರಡು ಸಂಪುಟ ಮುಗಿಸಿ ಬಂದರು. ಅಭಿಪ್ರಾಯ ಕೇಳಿದೆ.

“ದೆವ್ವ ಅದಾವು ಅಂತ ಒಪ್ಪಿದೆ. ಆದ್ರ ಆ ಕವಚಕ್ಕ ಅಳತಿ ತಗೊಂಡವ ಯಾವನ್ರಿ? ಕಂಕುಳಾಗ ಅಷ್ಟು ಬಿಗಿ ಇಟ್ರ ಪಾಪ ಗುದ್ದಲಿ ಹೆಂಗ ಎತ್ತತಾನ? ಅವ ಸೋತದ್ದು ದೆವ್ವದಿಂದಲ್ಲ, ಟೇಲರ್‌ನಿಂದ.”

೩. ಬೇಟೆ ಬಾರದ ದೆವ್ವ

ಮೂರನೆಯವನು ಅಣಶಿ ಕಡೆಯ ಅರಣ್ಯ ಕಾವಲುಗಾರ. ಹದಿನೈದು ದಿನಕ್ಕೊಮ್ಮೆ ಬಸ್ಸಿಳಿದು ಬಂದು ಪುಸ್ತಕ ಬದಲಿಸಿಕೊಳ್ಳುತ್ತಿದ್ದ. ಮೊದಲ ಸಂಪುಟ ಓದಿ ತಂದವನು, ಕಾಡಿನಲ್ಲಿ ದೆವ್ವ ಬಾಯಿ ತೆರೆದು ನಿಂತ ಪುಟದ ಮೇಲೆ ಬೆರಳಿಟ್ಟ.

“ಸರ, ಇದಕ್ಕ ಬೇಟಿ ಬರೂದಿಲ್ಲ. ಹೊಗಿ ಯಾವ ಕಡೆ ಹೊಂಟೈತಿ ನೋಡ್ರಿ. ಗಾಳಿಗೆ ಬೆನ್ನು ಕೊಟ್ಟು ನಿಂತೈತಿ, ಇದರ ವಾಸನಿ ಮೊದಲ ಮುಂದ ಹೋಗತೈತಿ. ಮ್ಯಾಲ ಒದರಾಕತ್ತೈತಿ. ನಮ್ಮ ಕಾಡಿನ್ಯಾಗ ಹಿಂಗ ಮಾಡಿದ್ರ ಉಪವಾಸ ಸಾಯತೈತಿ.”

“ಹಂಗಾದ್ರ ಚಲೋ ಇಲ್ಲೇನು?” ಎಂದೆ.

ಅವನು ಎರಡನೇ ಸಂಪುಟವನ್ನು ತಾನೇ ತೆಗೆದು ಚೀಲಕ್ಕೆ ಹಾಕಿಕೊಂಡ.

“ಇರ್ಲಿ ಸರ. ಮುಂದ ಕಲೀತೈತೇನೋ ನೋಡೂಣು.”

೪. ಠರಾವು

ಮೀಟಿಂಗಿಗೆ ಅಧ್ಯಕ್ಷರೂ ಸೇರಿ ಐದು ಮಂದಿ. ಎಲ್ಲರೂ ಕಾಗದದಲ್ಲೇ ಆಯುಷ್ಯ ಕಳೆದವರು. ನಾನು ಮೂರೂ ಅಭಿಪ್ರಾಯಗಳನ್ನು ಇದ್ದದ್ದಿದ್ದಂತೆ ಓದಿದೆ. ಸುಳ್ಳು ಸೇರಿಸಲು ಧೈರ್ಯವಾಗಲಿಲ್ಲ.

ಅಧ್ಯಕ್ಷರು ಬೆರಳು ಮಡಚಿದರು. “ಒಬ್ಬರು ಸಾತ್ವಿಕ ಅಂದ್ರು, ಒಬ್ಬರು ಟೇಲರ್‌ನ ಬೈದ್ರು, ಇನ್ನೊಬ್ಬ ದೆವ್ವಕ್ಕ ಮರುಗಿದ. ಪುಸ್ತಕ ಚಲೋ ಐತಿ ಅಂತ ಯಾರಂದ್ರು? ಅರೀಲಿಕ್ಕೆ ಕಳಸ್ರಿ.”

ನನಗೆ ಹೊಳೆದದ್ದು ಒಂದೇ ಮಾತು: “ಒಮ್ಮೆ ಕೈಯಾಗರೆ ಹಿಡದು ನೋಡ್ರಿ.”

ಓದಿ ನೋಡಿ ಎಂಬುದು ನನ್ನ ಅರ್ಥ. ಆದರೆ ಈ ಊರಿನಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿಯುವ ರೀತಿಯೇ ಬೇರೆ. ಅಧ್ಯಕ್ಷರು ಪುಟವನ್ನು ಹೆಬ್ಬೆರಳಲ್ಲಿ ಉಜ್ಜಿದರು. ಮೂಲೆ ಹಿಡಿದು ಕಿವಿಯ ಹತ್ತಿರ ಪಟಪಟ ಆಡಿಸಿದರು. ಎದ್ದು ಕಿಟಕಿಯ ಬೆಳಕಿಗೆ ಹಿಡಿದರು. ಅದು ಕೋಟೆಯ ನೆಲಮಾಳಿಗೆಯ ಯುದ್ಧ. ಇಡೀ ಪುಟ ಇದ್ದಿಲಿನಂತೆ ಕಪ್ಪು. ತಿರುವಿದರು. ಮತ್ತೆ ತಿರುವಿದರು.

“ಏ, ಎಲ್ಲಾರೂ ಇಲ್ಲಿ ಬರ್ರಿ!”

ಉಳಿದ ನಾಲ್ವರೂ ಕಿಟಕಿಗೆ ಮುತ್ತಿದರು.

“ಇಷ್ಟು ಮಸಿ ಸುರದಾರ, ಹಿಂದಿನ ಪುಟಕ್ಕ ಒಂದು ಚುಕ್ಕಿ ಹಾಯ್ದೈತೇನು ನೋಡ್ರಿ!”

“ಇಲ್ರಿ!” ಒಬ್ಬರು ಕನ್ನಡಕ ಏರಿಸಿದರು.

“ಇಂಥಾ ಕಾಗದ ಮಾಡಾಕ ನಾವು ಜೀವಾ ತೇದೇವಿ. ಇದನ್ನ ಅರೀಬೇಕು ಅಂದವರು ಯಾರು?” ಅಧ್ಯಕ್ಷರು ನನ್ನ ಕಡೆ ಕಣ್ಣು ಕೆಂಪಗೆ ಮಾಡಿದರು.

ನಾನು ಠರಾವಿನ ಪುಸ್ತಕವನ್ನು ಕಾರ್ಯದರ್ಶಿಗಳ ಮುಂದೆ ಸರಿಸಿದೆ. ಗೆಲ್ಲುವ ಹೊತ್ತಿನಲ್ಲಿ ಮಾತಾಡಬಾರದು.

ಅಂದಿನ ಠರಾವನ್ನು ಕಾರ್ಯದರ್ಶಿಗಳು ಮುತ್ತಿನಂಥ ಅಕ್ಷರದಲ್ಲಿ ಬರೆದರು, ಐವರ ಸಹಿಯೂ ಬಿತ್ತು: “ಸದರಿ ದೆವ್ವಗಳ ಗುಣಮಟ್ಟ ಉತ್ತಮವಾಗಿರುವುದರಿಂದ, ಅವುಗಳನ್ನು ವಾಚನಾಲಯದಲ್ಲಿ ಕಾಯಂ ಇಟ್ಟುಕೊಳ್ಳಲು ಸರ್ವಾನುಮತದಿಂದ ಠರಾಯಿಸಲಾಯಿತು.”