ತೋಡು ದಾಟಿದ ಕಸದ ಗಾಡಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹಿತ್ತಿಲಿನ ಮೂಲೆಗೆ ಹೋಗುತ್ತದೆ. ಗೋಡೆಯ ಮೇಲಿನ ಫೋಟೋ, ಕಿಟಕಿಯ ಪರದೆ, ಫಳಫಳ ಹೊಳೆಯುವ ಕಾಲುದೀಪ ಇವನ್ನೆಲ್ಲ ಆಮೇಲೆ ನೋಡುತ್ತೇನೆ. ಅವು ಹೇಗೂ ನಾವು ನೋಡಲೆಂದೇ ಇಟ್ಟವು. ಎಸೆಯಲೆಂದು ಇಟ್ಟದ್ದನ್ನು ನೋಡಿದರೆ ಮಾತ್ರ ನನಗೆ ಆ ಮನೆಯವರ ಮೇಲೆ ಸ್ವಲ್ಪ ಸಲಿಗೆ ಬೆಳೆಯುತ್ತದೆ. ನನ್ನ ಮಕ್ಕಳಿಗೆ ಇದರಿಂದ ಎಲ್ಲಿಲ್ಲದ ನಾಚಿಕೆ. "ಅಮ್ಮ, ಒಮ್ಮೆ ಸುಮ್ಮನೆ ಕೂತುಕೊಳ್ಳಿ" ಎಂದು ಸೆರಗು ಜಗ್ಗುತ್ತಾರೆ. ತಾವು ಹುಟ್ಟಿ ಬಂದದ್ದೇ ಒಂದು ಕಸದ ಗಾಡಿಯ ದಯೆಯಿಂದ ಎಂಬುದು ಪಾಪ ಅವರಿಗೆ ಗೊತ್ತಿಲ್ಲ.

ಬ್ರಿಟಿಷರ ಕಾಲದ ಮಾತು. ಕಂಕನಾಡಿಯ ಆಚೆ, ಪೇಟೆ ಮುಗಿದು ಗದ್ದೆ ಸುರುವಾಗುವಲ್ಲಿ ನಮ್ಮದೊಂದು ಬಾಡಿಗೆ ಮನೆ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಬೆಳಿಗ್ಗೆ ಕಾರ್ಖಾನೆಯ ಕೂಗು ಕೇಳಿದ ಮೇಲೆಯೇ ನಮ್ಮ ಮನೆಯಲ್ಲಿ ಒಲೆಗೆ ಬೆಂಕಿ. ಮನೆಯ ಹಿಂದೆ ಒಂದು ತೋಡು ಹರಿಯುತ್ತಿತ್ತು. ತೋಡಿನ ಈಚೆ ಮುನಿಸಿಪಾಲಿಟಿ, ಆಚೆ ಪಕ್ಕದ ಗ್ರಾಮದ ಪಂಚಾಯತ್ ಬೋರ್ಡು. ಈಚೆಯವರಾದ ನಾವು ಕಸವನ್ನು ಆಚೆ ದಡಕ್ಕೆ ಎಸೆಯುತ್ತಿದ್ದೆವು, ಆಚೆಯವರು ಈಚೆ ದಡಕ್ಕೆ ಎಸೆಯುತ್ತಿದ್ದರು. ಮಳೆಗಾಲದಲ್ಲಿ ತೋಡು ಎರಡನ್ನೂ ಭೇದವಿಲ್ಲದೆ ಬಾಚಿಕೊಂಡು ಹೊಳೆಗೆ ಒಯ್ಯುತ್ತಿತ್ತು. ಮಳೆಗಾಲ ಮುಗಿದರೆ ಮಾತ್ರ ಯಾರ ಕಸ ಯಾರ ದಡದಲ್ಲಿದೆ ಎಂದು ಎರಡೂ ಕಡೆಯ ಹೆಂಗಸರು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದರು.

ಈ ಜಗಳ ಕೇಳಿ ಕೇಳಿ ಸಾಕಾಗಿ ಒಂದು ವರ್ಷ ಮುನಿಸಿಪಾಲಿಟಿಯವರೂ ಪಂಚಾಯತಿನವರೂ ಒಂದೇ ಬೆಂಚಿನಲ್ಲಿ ಕೂತು ರಾಜಿಯಾದರು. ಗಾಡಿ ಮುನಿಸಿಪಾಲಿಟಿಯದ್ದು, ಎತ್ತು ಪಂಚಾಯತಿನದ್ದು. ಗಾಡಿ ಮೊದಲು ನಮ್ಮ ರಸ್ತೆಯ ಕಸ ತುಂಬಿಕೊಂಡು, ತೋಡಿನ ಮೇಲಿನ ಮರದ ಸಂಕ ದಾಟಿ, ಆಚೆ ಊರಿನ ಕಸವನ್ನೂ ಹೇರಿಕೊಂಡು, ಗುಡ್ಡದ ಬದಿಯ ಹೊಂಡಕ್ಕೆ ಸುರಿಯುವುದು. ಚಕ್ರ ಕಿರುಗುಟ್ಟಿದರೆ ಮುನಿಸಿಪಾಲಿಟಿ ನೋಡಿಕೊಳ್ಳಬೇಕು, ಎತ್ತು ಕುಂಟಿದರೆ ಪಂಚಾಯತು. ದೀಪಾವಳಿಯವರೆಗೆ ಹೀಗೆ ನಡೆಸಿ ನೋಡುವುದು. ಗಾಡಿ ತುಂಬದೆ ಓಡಿದರೆ ಒಪ್ಪಂದ ಅಲ್ಲಿಗೆ ಮುಗಿಯಿತು. ಗಾಡಿ ಹೊಡೆಯುವವನು ತನಿಯಪ್ಪಣ್ಣ. ಎತ್ತಿನ ಗೆಜ್ಜೆಯ ಸದ್ದು, ಅದರ ಹಿಂದೆಯೇ ಅವನ ಮಾತಿನ ಸದ್ದು. ಈಗಲೂ ಬೆಳಿಗ್ಗೆ ಅರೆನಿದ್ದೆಯಲ್ಲಿ ಆ ಗೆಜ್ಜೆ ಕೇಳಿದಂತಾಗಿ ಎದ್ದು ಕೂರುತ್ತೇನೆ. ಅಷ್ಟು ಚೆಂದದ ಸದ್ದು ಮಾಡಿಕೊಂಡು ಈಗ ಯಾರೂ ಕಸಕ್ಕೆ ಬರುವುದಿಲ್ಲ.

ಅದೇ ವರ್ಷ ಚೌತಿ ಕಳೆದ ಮೇಲೆ ನನ್ನನ್ನು ನೋಡಲು ತೋಡಿನ ಆಚೆಯಿಂದಲೇ ಒಂದು ಸಂಬಂಧ ಬಂತು. ಹುಡುಗನಿಗೆ ಜಿನಸಿನ ಅಂಗಡಿ, ಜೊತೆಗೆ ಪಂಚಾಯತ್ ಬೋರ್ಡಿನಲ್ಲಿ ಸದಸ್ಯ. ಕಸದ ಗಾಡಿಯ ಒಪ್ಪಂದಕ್ಕೆ ಓಡಾಡಿದ್ದೇ ಅವರು. ಅವರ ಹೆಸರನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗೆ ಇವತ್ತಿಗೂ ಇಲ್ಲ, 'ಇವರು' ಎಂದೇ ತಿಳಿದುಕೊಳ್ಳಿ. ಇವರು ಅವಲಕ್ಕಿ ತಿನ್ನುತ್ತ ಒಮ್ಮೆ ನನ್ನನ್ನು ನೋಡಿದರು, ಎರಡು ಸಲ ನಮ್ಮ ಹಿತ್ತಿಲನ್ನು ನೋಡಿದರು. ನನಗೆ ಆಗಲೇ ಮನಸ್ಸು ಸೋತಿತ್ತು. ಅವರ ತಾಯಿ ಮಾತ್ರ ಎಲ್ಲವನ್ನೂ ನಿಧಾನವಾಗಿ ನೋಡಿ, "ಯೋಚನೆ ಮಾಡಿ ಹೇಳ್ತೇವೆ" ಎಂದು ಎದ್ದರು. ಹೊರಡುವ ಹೊತ್ತಿಗೆ ನಮ್ಮ ಅಮ್ಮ, ಯಾರೂ ಕೇಳದಿದ್ದರೂ, "ನಮ್ಮಲ್ಲಿ ಅಂಜಲ್ ಮೀನಿಲ್ಲದೆ ಯಾರಿಗೂ ಊಟ ಸೇರುವುದಿಲ್ಲ" ಎಂದುಬಿಟ್ಟರು. ನಮ್ಮಲ್ಲಿ ದಿನಾ ಬೇಯುತ್ತಿದ್ದದ್ದು ಬಡವರ ಮೀನು ಬೂತಾಯಿ. ಅಂಜಲ್ ಎಂಬುದನ್ನು ನಾವು ಹೆಚ್ಚಾಗಿ ಪಕ್ಕದ ಮನೆಯ ಐಸಮ್ಮನ ಒಗ್ಗರಣೆಯ ಪರಿಮಳದಲ್ಲಿಯೇ ತಿಂದವರು.

ಮರುದಿನ ಗಾಡಿ ಬಂದಾಗ ಅಮ್ಮನ ಮುಖ ಬಿಳುಚಿತು. ಮುಚ್ಚಳವಿಲ್ಲದ ಗಾಡಿ. ನಮ್ಮ ಬುಟ್ಟಿಯ ಬೂತಾಯಿ ತಲೆಗಳು ಮೆರವಣಿಗೆ ಹೊರಟಂತೆ ಸಂಕ ದಾಟಿ ಬೀಗರಾಗುವವರ ಮನೆಯ ಮುಂದೆಯೇ ಹೋಗಬೇಕು. ಅಮ್ಮ ಸೀದಾ ಐಸಮ್ಮನ ಹಿತ್ತಿಲಿಗೆ ಹೋಗಿ ಅಂಜಲ್‌ನ ಮುಳ್ಳು ಕೇಳಿದರು. ಐಸಮ್ಮನ ಗಂಡನಿಗೆ ಬಂದರದಲ್ಲಿ ವ್ಯಾಪಾರ, ಅವರಲ್ಲಿ ಅಂಜಲ್‌ಗೆ ಬರವಿಲ್ಲ. "ಮುಳ್ಳು ಎಂತಕ್ಕೆ ನಿಮಗೆ?" ಎಂದು ಐಸಮ್ಮ ಕೇಳಿದರು. "ಬುಟ್ಟಿಗೆ" ಎಂದರು ಅಮ್ಮ. ಐಸಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಮುಳ್ಳನ್ನೂ ಕೊಟ್ಟರು. ಆಮೇಲೆ ದಿನಾ ಅಡಿಯಲ್ಲಿ ಬೂತಾಯಿ, ಮೇಲೆ ಅಂಜಲ್‌ನ ಉದ್ದ ಮುಳ್ಳು. ಅಷ್ಟಕ್ಕೇ ನಿಲ್ಲಲಿಲ್ಲ. ಬುಟ್ಟಿ ತುಂಬಿದ್ದರೆ ಮನೆಯೂ ತುಂಬಿದ ಹಾಗೆ ಕಾಣುತ್ತದೆ ಎಂದು ಒಲೆಯ ಬೂದಿ, ತೆಂಗಿನಕಾಯಿಯ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ಅದರೊಳಗೆ ಬಿದ್ದವು. ಅಪ್ಪ ಒಮ್ಮೆ ಬಚ್ಚಲ ಒಲೆಗೆ ಚಿಪ್ಪು ಹುಡುಕಿ ಸಿಗದೆ ತಣ್ಣೀರಿನಲ್ಲಿ ಮಿಂದು ನಡುಗುತ್ತ ಕಾರ್ಖಾನೆಗೆ ಹೋದರು.

ಸ್ವಲ್ಪ ದಿನ ಕಳೆದ ಮೇಲೆ ತನಿಯಪ್ಪಣ್ಣ ಗಾಡಿ ನಿಲ್ಲಿಸಿ ತಲೆ ಕೆರೆದುಕೊಂಡ. "ಅಮ್ಮ, ಆಚೆ ಮನೆಯ ಅಮ್ಮ ನಿನ್ನೆ ಗಾಡಿ ನಿಲ್ಲಿಸಿದ್ರು. ಇದು ಯಾರ ಬುಟ್ಟಿಯದ್ದು ಅಂತ ಕೇಳಿದ್ರು. ನಾನು ಹೇಳಿದೆ."

ಅಮ್ಮನಿಗೆ ಹಿಗ್ಗು. "ಎಂತ ಹೇಳಿದ್ರು ಮಾರಾಯ?"

"ಬೂದಿಯನ್ನೂ ಚಿಪ್ಪನ್ನೂ ಗಾಡಿಗೆ ಹಾಕುವ ಮನೆಯ ಹುಡುಗಿ ನಮ್ಮಲ್ಲಿಗೆ ಬಂದ್ರೆ, ವರ್ಷ ತುಂಬುವ ಮೊದಲು ನಮ್ಮನ್ನೂ ಗಾಡಿಗೆ ಹಾಕ್ತಾಳೆ ಅಂತ ಹೇಳಿದ್ರು."

ಅಮ್ಮ ಬುಟ್ಟಿಯ ಮೇಲಿನ ಚಿಪ್ಪುಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಆಚೆಯ ಅಮ್ಮ ಹೇಳಿದ್ದೂ ಸರಿಯೇ. ನಮ್ಮ ಕಡೆ ಮರ್ಯಾದಸ್ಥರ ಮನೆಯಲ್ಲಿ ಯಾವುದೂ ಕಸವಲ್ಲ. ಬೂದಿ ಬಸಳೆಯ ಬುಡಕ್ಕೆ, ಮೀನು ತೊಳೆದ ನೀರು ತೆಂಗಿಗೆ, ಸಿಪ್ಪೆ ದನಕ್ಕೆ, ಚಿಪ್ಪು ಒಲೆಗೆ. ಪೇಟೆಯ ಬಾಡಿಗೆ ಮನೆಗೆ ಬಂದು ಅಮ್ಮ ಅದನ್ನು ಮರೆತಿದ್ದರು. ನಾನು ಬಾಗಿಲ ಹಿಂದಿನಿಂದ ಮೆಲ್ಲಗೆ, "ಮಗ ಎಂತ ಹೇಳಿದ್ರು?" ಎಂದು ಕೇಳಿದೆ.

"ಅವರಿಗೆ ಖುಷಿಯೋ ಖುಷಿ. ಈ ರಸ್ತೆಯಲ್ಲಿ ಬುಟ್ಟಿ ತುಂಬಿಸಿ ಕೊಡುವ ಮನೆ ಇದೊಂದೇ ಅಂತೆ. ಗಾಡಿ ಉಳಿದ್ರೆ ನಿಮ್ಮಿಂದಲೇ ಅಂತೆ."

ನನ್ನ ಪಾಡು ಕೇಳಿ. ಬುಟ್ಟಿ ತುಂಬಿಸಿದರೆ ಅತ್ತೆ ಸಿಗುವುದಿಲ್ಲ, ಖಾಲಿ ಇಟ್ಟರೆ ಗಂಡನ ಒಪ್ಪಂದ ಮುರಿಯುತ್ತದೆ. ಅಮ್ಮ ಬುಟ್ಟಿಯನ್ನೇ ಕವುಚಿ ಹಾಕಿದರು. ಮನೆಯಲ್ಲಿದ್ದ ಒಂದೇ ತೆಂಗಿನ ಮರಕ್ಕೆ ಎಷ್ಟೆಂದು ತಿನ್ನಿಸುವುದು? ಹಿತ್ತಿಲಿನಲ್ಲಿ ಮೀನಿನ ತಲೆಗಳ ರಾಶಿ ಏರಿ ಕಾಗೆಗಳು ಊರಿಗೆಲ್ಲ ಸುದ್ದಿ ಹೇಳತೊಡಗಿದವು. ಬೂತಾಯಿ ನಾರಿದ್ದು ದೊಡ್ಡದಲ್ಲ. ಈ ಸಂಬಂಧ ತಪ್ಪಿಹೋದರೆ ಎಂದು ನೆನೆದಾಗೆಲ್ಲ ನಾನು ಸಂಕದ ಕಡೆಗೇ ನೋಡುತ್ತ ನಿಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಗಾಡಿಯ ಜೊತೆ ಇವರೇ ನಡೆದು ಬಂದರು. ಅಮ್ಮ ತೋಡಿಗೆ ಬಟ್ಟೆ ಒಗೆಯಲು ಹೋಗಿದ್ದರು. ನಾನು ಹಿಡಿಸೂಡಿ ಹಿಡಿದುಕೊಂಡು ಅಂಗಳ ಗುಡಿಸುತ್ತಿದ್ದೆ. ಇವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ತೀರಾ ಸೋತ ದನಿಯಲ್ಲಿ, "ಇವತ್ತೂ ಎಂತದ್ದೂ ಇಲ್ವಾ?" ಎಂದರು.

ಬೇರೆ ಹುಡುಗಿಯರಲ್ಲಿ ಗಂಡುಗಳು ಎಂತೆಂಥ ಮಾತು ಆಡುತ್ತಾರೋ ನನಗೆ ಗೊತ್ತಿಲ್ಲ. ನನ್ನಲ್ಲಿ ಇವರು ಮೊತ್ತಮೊದಲು ಕೇಳಿದ್ದು ಕಸ. ಆ ದನಿಗೆ ನಾನು ಏನು ಬೇಕಾದರೂ ಕೊಡುತ್ತಿದ್ದೆ. "ನಾಳೆ ಕೊಡ್ತೇನೆ" ಎಂದೆ. ಇವರು ಮುಖವೆಲ್ಲ ಅರಳಿಸಿಕೊಂಡು ಎತ್ತಿನ ಬೆನ್ನು ತಟ್ಟಿ ಹೋದರು.

ಕೊಡುತ್ತೇನೆ ಎಂದದ್ದೇನೋ ಆಯಿತು, ಕೊಡುವುದು ಹೇಗೆ? ಹಿಡಿಸೂಡಿ ಹಿಡಿದುಕೊಂಡೇ ಯೋಚಿಸುತ್ತ ನಿಂತಾಗ ತಲೆಯ ಮೇಲೆ ಒಂದು ಗೋಳಿ ಎಲೆ ಬಿತ್ತು. ನಮ್ಮ ಮನೆಯ ಎದುರು ರಸ್ತೆಯ ಬದಿಯಲ್ಲಿ ದೊಡ್ಡ ಗೋಳಿಮರವಿತ್ತು. ಅದರ ಎಲೆ, ಹಣ್ಣು, ಅದರ ನೆರಳಿನಲ್ಲಿ ಕೂತವರು ಎಸೆದ ಸಿಪ್ಪೆ, ಇದಾವುದೂ ನಮ್ಮ ಮನೆಯದ್ದಲ್ಲ. ಮರುದಿನ ಬೇಗ ಎದ್ದು ರಸ್ತೆ ಗುಡಿಸಿದೆ. ಹಿತ್ತಿಲಿನ ಬೂತಾಯಿ ತಲೆಗಳನ್ನು ಬುಟ್ಟಿಯ ಅಡಿಗೆ ಹಾಕಿ, ಮೇಲಿಂದ ಗೋಳಿ ಎಲೆಯನ್ನು ಒತ್ತಿ ಒತ್ತಿ ತುಂಬಿದೆ. "ಆಚೆ ಮನೆಯ ಅಮ್ಮ ಕೇಳಿದ್ರೆ ದಾರಿಯದ್ದು ಅಂತ ಹೇಳಿ ತನಿಯಪ್ಪಣ್ಣ" ಎಂದೆ. ಅವನು ಬುಟ್ಟಿಯನ್ನು ಎತ್ತಿ, ಮೂಸಿ, ನನ್ನ ಮುಖ ನೋಡಿ, "ಆಯ್ತಕ್ಕ, ದಾರಿಯದ್ದೇ" ಎಂದ.

ದೀಪಾವಳಿಯವರೆಗೂ ಹೀಗೇ ನಡೆಯಿತು. ರಸ್ತೆ ನಮ್ಮ ಅಂಗಳಕ್ಕಿಂತ ಚೊಕ್ಕವಾಯಿತು. ನನ್ನನ್ನು ನೋಡಿ ಐಸಮ್ಮನೂ ತಮ್ಮ ಮನೆಯ ಮುಂದೆ ಗುಡಿಸತೊಡಗಿದರು, ಅವರನ್ನು ನೋಡಿ ಅದರಾಚೆಯ ಮನೆಯವರು. ಗಾಡಿ ತುಂಬಿ ತುಳುಕಿತು, ಎರಡೂ ಬೋರ್ಡಿನವರು ಒಪ್ಪಂದವನ್ನು ಮುಂದುವರಿಸಿದರು. ಅದೇ ವಾರ ಆಚೆಯಿಂದ ಹೇಳಿಕೆ ಬಂತು. ತನ್ನ ಮನೆಯಲ್ಲಿ ಕಸವೇ ಮಾಡದೆ ದಾರಿ ಗುಡಿಸುವ ಹುಡುಗಿಯಂತೆ, ಅವಳೇ ಆಗಬೇಕಂತೆ. ಅಮ್ಮ ಸಂತೋಷದಿಂದ ಆ ದಿನ ನಿಜವಾಗಿಯೂ ಅಂಜಲ್ ತರಿಸಿದರು. ನನಗೆ ನನ್ನ ಬುದ್ಧಿಯ ಮೇಲೆ ಎಷ್ಟು ಅಭಿಮಾನ ಬಂದಿತ್ತೆಂದರೆ, ಧಾರೆಯ ಮಂಟಪದಲ್ಲಿ ತಲೆ ಬಗ್ಗಿಸಲಿಕ್ಕೇ ಕಷ್ಟವಾಯಿತು.

ಮದುವೆಯಾಗಿ ಹೋದ ಮನೆ ಕನ್ನಡಿಯ ಹಾಗಿತ್ತು. ಅಂಗಳದಲ್ಲಿ ಒಂದು ಕಡ್ಡಿಯಿಲ್ಲ, ಹಿತ್ತಿಲಿನ ಮೂಲೆಯಲ್ಲಿ ಒಂದು ಸಿಪ್ಪೆಯಿಲ್ಲ. ಇಂಥಲ್ಲಿ ಬದುಕುವುದು ಹೇಗಪ್ಪ ಎಂದು ನನಗೆ ಹೆದರಿಕೆಯೇ ಆಯಿತು. ಆದರೆ ನೆಂಟರೆಲ್ಲ ಹೋದ ಮೇಲಿನ ಒಂದು ಬೆಳಿಗ್ಗೆ, ದೂರದಲ್ಲಿ ಗೆಜ್ಜೆಯ ಸದ್ದು ಕೇಳುತ್ತಲೇ ಅತ್ತೆ ನನ್ನನ್ನು ಸನ್ನೆ ಮಾಡಿ ದನದ ಹಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಒಂದು ಹಳೆಯ ಚಾಪೆಯನ್ನು ಎತ್ತಿದರು. ಒಡೆದ ಮಡಕೆ, ಕಡ್ಡಿ ಮುರಿದ ಕೊಡೆ, ಇಲಿ ಕಡಿದ ಗೆರಸೆ, ಬಿರುಕುಬಿಟ್ಟ ಕನ್ನಡಿ, ಯಾವ ತೆಂಗಿನ ಮರವೂ ತಿನ್ನದ ವಸ್ತುಗಳು. ಅವರು ಮದುಮಗಳಾಗಿ ಬಂದಂದಿನಿಂದ ಸೇರಿಸಿಟ್ಟದ್ದು.

"ಊರವರ ಎದುರು ನಾನು ಇದನ್ನು ಎಸೆಯಲಿಕ್ಕುಂಟಾ? ನನ್ನ ಮರ್ಯಾದೆ ಎಂತ ಆಗ್ಬೇಕು?" ಎಂದರು ಅತ್ತೆ. "ದಿನಕ್ಕೆ ಸ್ವಲ್ಪ ಸ್ವಲ್ಪ ಅಡಿಗೆ ಹಾಕು. ಮೇಲಿಂದ ಎಲೆ ತುಂಬು. ನಿನಗೆ ಅದು ಒಳ್ಳೆ ಬರ್ತದೆ."

"ಅತ್ತೆ, ನಿಮಗೆ ಗೊತ್ತಿತ್ತಾ?"

"ಗೋಳಿಮರದಿಂದ ಬೂತಾಯಿ ತಲೆ ಉದುರುವುದನ್ನು ನಾನು ಎಲ್ಲಿಯೂ ನೋಡಲಿಲ್ಲ ಮಾರಾಯ್ತಿ. ಅದಕ್ಕೇ ಅಲ್ವಾ ನಿನ್ನನ್ನು ಒಪ್ಪಿದ್ದು?"

ಅಂದಿನಿಂದ ನಾನು ಆ ಊರಿನ ರಸ್ತೆಯನ್ನೂ ಗುಡಿಸಿದೆ. ಅತ್ತೆಯ ಒಡೆದ ಮಡಕೆಗಳು ಒಂದೊಂದಾಗಿ ಎಲೆ ಹೊದ್ದುಕೊಂಡು ಹೊಂಡ ಸೇರಿದವು. ಇವರಿಗೆ ಇದಾವುದೂ ತಿಳಿಯದು. ಬೋರ್ಡಿನ ಸಭೆಯಲ್ಲಿ ಎದ್ದುನಿಂತು, ನಮ್ಮ ರಸ್ತೆಗಳಲ್ಲಿ ಇಷ್ಟೊಂದು ಕಸವಿದೆಯೆಂದು ತಮಗೇ ಗೊತ್ತಿರಲಿಲ್ಲ, ಹೆಂಡತಿ ಒಬ್ಬಳೇ ಎಷ್ಟೆಂದು ಗುಡಿಸಿಯಾಳು ಎಂದು ಭಾಷಣ ಮಾಡಿದರು. ಮುನಿಸಿಪಾಲಿಟಿಯವರ ಮನಸ್ಸೂ ಕರಗಿತು. ಎರಡೂ ಕಡೆಯವರು ಸೇರಿ ಇನ್ನೊಂದು ಗಾಡಿಯನ್ನು ಮಂಜೂರು ಮಾಡಿದರು. ಇವರು ಓಡಿ ಬಂದು ಆ ಸುದ್ದಿಯನ್ನು ಮೊದಲು ನನಗೇ ಹೇಳಿದರು, ಸೀರೆ ತಂದುಕೊಟ್ಟಷ್ಟು ಸಂಭ್ರಮದಿಂದ. ನಾನು ನಕ್ಕೆ. ಆಮೇಲೆ ಹಟ್ಟಿಯ ಹಿಂದೆ ಹೋಗಿ ಚಾಪೆ ಎತ್ತಿ ನೋಡಿದೆ. ಉಳಿದಿದ್ದ ಮಡಕೆಗಳು ಒಂದು ಗಾಡಿ ತುಂಬಲಿಕ್ಕೇ ಸಾಲುತ್ತಿರಲಿಲ್ಲ, ಇನ್ನು ಎರಡನೆಯದಕ್ಕೆ ಎಲ್ಲಿಂದ ತರುವುದು?